ನಾಳೆ ಗೊತ್ತಿಲ್ಲದ ದನಿ: ಐತಿಹಾಸಿಕ ಕಾದಂಬರಿಯನ್ನು ಧ್ವನಿಪುಸ್ತಕಕ್ಕೆ ಓದುವ ಬಗೆ

ಐತಿಹಾಸಿಕ ಕಾದಂಬರಿಯನ್ನು ಗಟ್ಟಿಯಾಗಿ ಓದುವವರಿಗೆ ಬೇರೆ ಕಾದಂಬರಿಗಳಲ್ಲಿ ಇಲ್ಲದ ಒಂದು ತೊಡಕಿದೆ. ಕೇಳುಗರಿಗೆ ಕೊನೆ ಮೊದಲೇ ಗೊತ್ತು. 1824ರ ಅಕ್ಟೋಬರ್ 23ರಂದು ಕಿತ್ತೂರು ಕೋಟೆಯ ಮುಂದೆ ಧಾರವಾಡದ ಕಲೆಕ್ಟರ್ ಥ್ಯಾಕರೆ ಬಿದ್ದ, ಡಿಸೆಂಬರಿನಲ್ಲಿ ಕೋಟೆ ಬಿತ್ತು, 1829ರಲ್ಲಿ ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ ಕಣ್ಣು ಮುಚ್ಚಿದಳು. ಬೆಳಗಾವಿ ಜಿಲ್ಲೆಯ ಶಾಲಾ ಮಕ್ಕಳಿಗೂ ಇದು ಬಾಯಿಪಾಠ. ಹಾಗಿದ್ದರೂ ಅದೇ ಕಥೆಯನ್ನು ಹತ್ತು ಗಂಟೆ ಕಿವಿಗೊಟ್ಟು ಕೇಳುವವರಿದ್ದಾರೆ. ಓದುವವರ ದನಿಗೆ ಮಾತ್ರ ಮುಂದಿನದು ಗೊತ್ತಿರಬಾರದು, ಅಷ್ಟೇ. ಕೋಟೆಯೊಳಗಿನವರಿಗೆ ಗೊತ್ತಿದ್ದುದು ಆ ದಿನ ಮಾತ್ರ. ದನಿಯೂ ಆ ದಿನದೊಳಗೇ ಇರಬೇಕು. ಕೆಳಗೆ ಹೇಳಿದ ಕೆಲಸಗಳಲ್ಲಿ ಬಹಳಷ್ಟು ಈ ಒಂದು ಮಾತಿಗಾಗಿಯೇ ಇವೆ. ಉಳಿದವು ಮೈಕು, ಕೌದಿ, ಕರೆಂಟಿನ ವ್ಯವಹಾರ.

ಮೊದಲ ಹೆಜ್ಜೆ: ಹಕ್ಕು

ಇದನ್ನು ಬೇಗ ಮುಗಿಸೋಣ. ಭಾರತದಲ್ಲಿ ಕೃತಿಯ ಹಕ್ಕು ಲೇಖಕರ ಜೀವಿತಾವಧಿ ಮತ್ತು ಅವರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಉಳಿಯುತ್ತದೆ. ಅದರೊಳಗಿನ ಕೃತಿಯಾದರೆ ಲೇಖಕರಿಂದ ಅಥವಾ ವಾರಸುದಾರರಿಂದ ಲಿಖಿತ ಒಪ್ಪಿಗೆ ಬೇಕು. ಮುದ್ರಣದ ಹಕ್ಕು ಪಡೆದ ಪ್ರಕಾಶಕರ ಬಳಿ ಧ್ವನಿಯ ಹಕ್ಕೂ ಇದೆ ಎಂದು ಊಹಿಸಬೇಡಿ. ಕೇಳಿ, ಕಾಗದದ ಮೇಲೆ ಬರೆಸಿಕೊಳ್ಳಿ. "ನಮ್ಮೂರಿನವರೇ, ಏನೂ ಅನ್ನುವುದಿಲ್ಲ" ಎಂಬ ಮಾತಿನ ಮೇಲೆ ನೂರು ತಾಸಿನ ಕೆಲಸ ಕಟ್ಟಬಾರದು.

ಎರಡನೆಯ ಹೆಜ್ಜೆ: ಮೈಕು ಮುಟ್ಟುವ ಮೊದಲು ಪೂರ್ತಿ ಓದು

ಇಡೀ ಪುಸ್ತಕವನ್ನು ಒಮ್ಮೆ ಮೌನವಾಗಿ ಓದಿ ಮುಗಿಸಿ. ಮೊದಲ ಅಧ್ಯಾಯದಲ್ಲಿ ಒಂದೇ ಸಾಲು ಮಾತಾಡುವ ಕಾವಲುಗಾರ ಹದಿನೆಂಟನೆಯ ಅಧ್ಯಾಯದಲ್ಲಿ ದ್ರೋಹಿಯಾಗಿ ಮರಳಬಹುದು. ಅವನಿಗೆ ಮೊದಲಲ್ಲಿ ಕೊಟ್ಟ ದನಿಯೇ ಕೊನೆಗೂ ಬರಬೇಕಲ್ಲ. ಆದರೆ ಅವನು ದ್ರೋಹಿ ಎಂದು ತಿಳಿದ ಮೇಲೆ ಮೊದಲ ಸಾಲಿನಲ್ಲೇ ಕುತಂತ್ರದ ಎಳೆಯನ್ನು ಸೇರಿಸುವ ಚಪಲ ಬರುತ್ತದೆ. ಅದನ್ನು ತಡೆಯಿರಿ. ಆಗ ಅವನು ಬರೀ ಕಾವಲುಗಾರ, ಚಳಿಗೆ ಕಂಬಳಿ ಹೊದ್ದವನು.

ಎರಡನೆಯ ಓದಿಗೆ ಪೆನ್ಸಿಲ್ ಹಿಡಿಯಿರಿ. ಕನ್ನಡದ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಐತಿಹಾಸಿಕ ಕಾದಂಬರಿಕಾರರಿಗೋ ಉದ್ದ ವಾಕ್ಯಗಳೆಂದರೆ ಪ್ರೀತಿ. ಇಂಥದೊಂದು ವಾಕ್ಯ ಇದೆ ಎಂದುಕೊಳ್ಳಿ: "ಕೃಷ್ಣೆಯ ಆಚೆ ದಡದಲ್ಲಿ ಮೂರು ದಿನ ದೋಣಿಗಾಗಿ ಕಾದು, ಕುದುರೆಗಳ ಮೇವೂ ಮುಗಿದು, ಕಂಗೆಟ್ಟಿದ್ದ ಸವಾರರು ಬೆಳಗಿನ ಜಾವ ಹಿಂದಿರುಗಿದರು." ಹೊಸಬರು 'ಕಾದು' ಎಂಬಲ್ಲಿ ದನಿ ಇಳಿಸುತ್ತಾರೆ, 'ಮುಗಿದು' ಎಂಬಲ್ಲಿ ಮತ್ತೆ ಇಳಿಸುತ್ತಾರೆ. ಕೇಳುಗರಿಗೆ ವಾಕ್ಯ ಎರಡು ಸಲ ಮುಗಿದಂತೆ ಅನ್ನಿಸುತ್ತದೆ. ಯಾರ ಮಾತು ನಡೆದಿದೆ ಎಂಬುದು 'ಸವಾರರು' ಬರುವವರೆಗೆ ತಿಳಿಯುವುದೇ ಇಲ್ಲ. ಆದ್ದರಿಂದ ಆ ಪದಕ್ಕೆ ಮೊದಲು ಒಂದು ಸಣ್ಣ ಗೆರೆ ಎಳೆದು ಅಲ್ಲಿ ಉಸಿರು ತೆಗೆದುಕೊಳ್ಳಿ, ಅಲ್ಲಿಯ ತನಕ ದನಿಯನ್ನು ಬೀಳಲು ಬಿಡಬೇಡಿ. ಪುಟ ತಿರುವುವ ಜಾಗದಲ್ಲಿ ವಾಕ್ಯ ಮುರಿಯುತ್ತಿದ್ದರೆ ಮುಂದಿನ ಪುಟದ ಎರಡು ಪದಗಳನ್ನು ಹಿಂದಿನ ಪುಟದ ಅಂಚಿನಲ್ಲಿ ಬರೆದುಕೊಳ್ಳಿ. ಟ್ಯಾಬ್ಲೆಟ್‌ನಲ್ಲಿ ಓದಿದರೆ ಪುಟದ ಸದ್ದಾದರೂ ತಪ್ಪುತ್ತದೆ.

ಇಸವಿಗಳನ್ನು ಹೇಗೆ ಹೇಳುತ್ತೀರಿ ಎಂಬುದನ್ನೂ ಈಗಲೇ ನಿರ್ಧರಿಸಿ. 1565 'ಸಾವಿರದ ಐನೂರ ಅರವತ್ತೈದು' ಆಗಬೇಕೇ, 'ಹದಿನೈದು ನೂರ ಅರವತ್ತೈದು' ಆಗಬೇಕೇ? ಎರಡೂ ಸರಿಯೇ. ಒಂದು ಅಧ್ಯಾಯಕ್ಕೆ ಒಂದು, ಇನ್ನೊಂದಕ್ಕೆ ಇನ್ನೊಂದು ಎಂದಾದರೆ ಮಾತ್ರ ತಪ್ಪು.

ಮೂರನೆಯ ಹೆಜ್ಜೆ: ಹೆಸರು ಮತ್ತು ಉಚ್ಚಾರ

ಒಂದು ನೋಟ್‌ಬುಕ್‌ನಲ್ಲಿ ವ್ಯಕ್ತಿ, ಊರು, ಹುದ್ದೆ, ಆಯುಧಗಳ ಹೆಸರುಗಳನ್ನೆಲ್ಲ ಪಟ್ಟಿ ಮಾಡಿ. ಆದಿಲಶಾಹಿ ಕಾಲದ ಕಾದಂಬರಿಯಾದರೆ ಫರ್ಮಾನು, ಫೌಜು, ವಜೀರ, ಖಜಾನೆ, ಜಹಗೀರು ಹೆಜ್ಜೆಗೊಂದು ಸಿಗುತ್ತವೆ. ಇವುಗಳ ಉಚ್ಚಾರವನ್ನು ನಿಘಂಟಿನಲ್ಲಿ ಹುಡುಕುವುದಕ್ಕಿಂತ ವಿಜಯಪುರದ ಹಳೆಯ ಗಲ್ಲಿಗಳಲ್ಲಿ ದಖನಿ ಮಾತಾಡುವ ಹಿರಿಯರೊಬ್ಬರ ಮುಂದೆ ಕುಳಿತು ಓದಿ ತಿದ್ದಿಸಿಕೊಳ್ಳುವುದು ಲೇಸು. ಎರಡನೆಯ ಇಬ್ರಾಹಿಂ ಆದಿಲ್ ಶಾ ತನ್ನ ಹಾಡುಗಳನ್ನು ಕಟ್ಟಿದ್ದು ದಖನಿಯಲ್ಲಿ. ಆ ಭಾಷೆಯ ಕುಡಿ ಇನ್ನೂ ಊರಿನ ಬಾಯಲ್ಲಿದೆ. ಮರಾಠಿ ಹೆಸರುಗಳಿಗೆ ಬೆಳಗಾವಿಯಲ್ಲಿ ಪಕ್ಕದ ಮನೆಯೇ ಸಾಕು.

ಇಲ್ಲೇ ಪಾತ್ರ ಕಟ್ಟುವ ಒಂದು ಉಪಾಯವೂ ಸಿಗುತ್ತದೆ. ದರ್ಬಾರಿನ ವಜೀರನ ಬಾಯಲ್ಲಿ 'ಫರ್ಮಾನು' ತುಟಿ ಹಲ್ಲಿಗೆ ತಾಗಿ ನಿಚ್ಚಳವಾಗಿ ಬರಲಿ. ಅದೇ ಪದ ಹಳ್ಳಿಯ ಗೌಡನ ಬಾಯಲ್ಲಿ 'ಪರಮಾನು' ಆಗಲಿ, ಲೇಖಕರು ಹಾಗೆ ಬರೆದಿದ್ದರೆ ಅಥವಾ ಹಾಗೆ ಓದಲು ಒಪ್ಪಿದ್ದರೆ. ದನಿ ಏರಿಸದೆ ಇಳಿಸದೆ ಇಬ್ಬರು ಬೇರೆಯಾದರು. ಕಥೆ ಹೇಳುವ ನಿಮ್ಮ ದನಿಗೆ ಮಾತ್ರ ಒಂದೇ ಉಚ್ಚಾರ, ಮೊದಲಿನಿಂದ ಕೊನೆಯವರೆಗೆ.

ಊರುಗಳ ಹೆಸರನ್ನು ನೀವಾಗಿ ತಿದ್ದಬೇಡಿ. ವಿಜಯಪುರ, ಬೆಳಗಾವಿ ಎಂಬ ಹೆಸರುಗಳು ಸರಕಾರಿ ಕಾಗದಕ್ಕೆ ಬಂದದ್ದು 2014ರಲ್ಲಿ. ಕಾದಂಬರಿಯಲ್ಲಿ 'ಬಿಜಾಪುರ' ಎಂದಿದ್ದರೆ ಹಾಗೆಯೇ ಓದಿ.

ಚಾಲುಕ್ಯರ ಕಾಲದ ಕಾದಂಬರಿಯಾದರೆ ಬೇರೆ ಪಾಡು. ಅಲ್ಲಿ ಶಾಸನದ ಸಾಲುಗಳು ಬರುತ್ತವೆ, ಓದುಗರು ಅವನ್ನು ಸುದ್ದಿಯಂತೆ ಓದಿ ದಾಟಿಬಿಡುತ್ತಾರೆ. ಬಾದಾಮಿಯಲ್ಲಿ ಬಂಡೆಯ ಮೇಲಿರುವ ಕಪ್ಪೆ ಅರಭಟ್ಟನ ಶಾಸನ ಸುಮಾರು ಕ್ರಿ.ಶ. 700ರದು, ಅದರಲ್ಲಿರುವುದು ತ್ರಿಪದಿ. ಬೀಸುವ ಕಲ್ಲಿನ ಮುಂದೆ ಅಜ್ಜಿಯರು ಹಾಡುತ್ತಿದ್ದುದೂ ತ್ರಿಪದಿಯೇ. ಇಂಥ ಸಾಲು ಬಂದಾಗ, ಬೀಸುಕಲ್ಲಿನ ಪದಗಳನ್ನು ಬಲ್ಲ ಹಿರಿಯ ಹೆಣ್ಣುಮಗಳೊಬ್ಬಳು ಹಾಡುವುದನ್ನು ಒಮ್ಮೆ ಕೇಳಿ. ಎರಡನೆಯ ಸಾಲಿನ ತುಂಡು ಮರಳಿ ಬಂದು ಮೂರನೆಯದಕ್ಕೆ ಕೂಡುವುದನ್ನು ಗಮನಿಸಿ. ನೀವು ಹಾಡಬೇಕಿಲ್ಲ. ಆ ನಡಿಗೆ ತಲೆಯಲ್ಲಿದ್ದರೆ ಯಾವ ಪದದ ಮುಂದೆ ನಿಲ್ಲಬೇಕು ಎಂಬುದು ತಾನಾಗಿ ಗೊತ್ತಾಗುತ್ತದೆ.

ನಾಲ್ಕನೆಯ ಹೆಜ್ಜೆ: ಪಾತ್ರಗಳ ದನಿ

ನಮ್ಮ ಕಡೆಯವರ ಕಿವಿ ಕಂಪನಿ ನಾಟಕದಲ್ಲಿ, ಸಣ್ಣಾಟದಲ್ಲಿ, ಪಾರಿಜಾತದಲ್ಲಿ ಬೆಳೆದದ್ದು. ಅದು ದೊಡ್ಡ ಆಸ್ತಿ. ಮೈಕಿನ ಮುಂದೆ ಅದೇ ದೊಡ್ಡ ತೊಂದರೆಯೂ ಹೌದು. ರಂಗದ ಮೇಲಿನ ದನಿ ಕೊನೆಯ ಸಾಲಿನಲ್ಲಿ ಕಂಬಕ್ಕೊರಗಿ ನಿಂತವನಿಗೂ ಮುಟ್ಟಬೇಕಿತ್ತು. ಧ್ವನಿಪುಸ್ತಕದ ಕೇಳುಗರು ನಿಮ್ಮ ಬಾಯಿಂದ ಒಂದು ಗೇಣು ದೂರದಲ್ಲಿದ್ದಾರೆ, ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ. ಅವರ ಕಿವಿಯಲ್ಲಿ ಗುಡುಗಿದರೆ ತಕ್ಷಣ ಬಂದ್ ಮಾಡುತ್ತಾರೆ.

ಕಲಿಯಬೇಕಾದದ್ದು ಹರದೇಶಿ ನಾಗೇಶಿ ಮೇಳಗಳಿಂದ. ಒಂದು ಮೇಳ ಗಂಡು ಹೆಚ್ಚು ಎಂದರೆ ಇನ್ನೊಂದು ಹೆಣ್ಣು ಹೆಚ್ಚು ಎನ್ನುತ್ತದೆ. ವೇಷವಿಲ್ಲ, ಪರದೆಯಿಲ್ಲ. ಡಪ್ಪು, ತುಂತುಣಿ, ತಾಳ ಇಷ್ಟೇ. ಅದೇ ಹಾಡುಗಾರ ಕಥೆಯ ನಡುವೆ ಸಾಹೇಬನೂ ಆಗುತ್ತಾನೆ, ಸೆರೆಸಿಕ್ಕ ಬಂಟನೂ ಆಗುತ್ತಾನೆ. ಬದಲಾಗುವುದು ಮಾತಿನ ವೇಗ, ಗದ್ದದ ಎತ್ತರ, ಎಲ್ಲಿ ತಡೆಯುತ್ತಾನೆ ಎಂಬುದು. ಕಂಠ ಬಹುಮಟ್ಟಿಗೆ ಅದೇ. 1857ರಲ್ಲಿ ಆಯುಧ ಒಪ್ಪಿಸಿ ಎಂಬ ಹುಕುಮಿಗೆ ತಿರುಗಿಬಿದ್ದ ಮುಧೋಳ ಬಳಿಯ ಹಲಗಲಿಯ ಬೇಡರ ಕಥೆಯನ್ನು ಈ ನಾಡು ಮರೆಯದಂತೆ ಉಳಿಸಿದ್ದು ಲಾವಣಿಗಳು. ಆ ಹಾಡಿಕೆಯಲ್ಲಿ ಯಾರೂ ಅಳುವುದಿಲ್ಲ ಎಂಬುದನ್ನು ಗಮನಿಸಿ. ಅಳುವ ಕೆಲಸ ಕೇಳುವವರದು.

ಹಾಗಾಗಿ ಪ್ರತಿ ಮುಖ್ಯ ಪಾತ್ರಕ್ಕೂ ನೋಟ್‌ಬುಕ್‌ನಲ್ಲಿ ಮೂರೇ ಗುರುತು ಬರೆದುಕೊಳ್ಳಿ: ವೇಗ ಎಷ್ಟು, ಉಸಿರು ಎಲ್ಲಿ, ಮಾತನಾಡುವಾಗ ಎದುರಿನವರನ್ನು ನೋಡುತ್ತಾರೋ ಬೇರೆಲ್ಲೋ ನೋಡುತ್ತಾರೋ. ಮೂರನೆಯದು ವಿಚಿತ್ರ ಅನ್ನಿಸಬಹುದು. ತಲೆ ತಗ್ಗಿಸಿ ಒಂದು ಸಾಲು ಓದಿ ನೋಡಿ, ಅದೇ ಸಾಲನ್ನು ಗದ್ದವೆತ್ತಿ ಓದಿ ನೋಡಿ. ದನಿಯ ಬಣ್ಣ ಬೇರೆಯಾಗುತ್ತದೆ. ಪ್ರತಿ ಪಾತ್ರದ ದನಿಯಲ್ಲಿ ಹತ್ತು ಸಾಲುಗಳ ಮಾದರಿಯನ್ನು ಮೊಬೈಲಿನಲ್ಲಿ ಮುದ್ರಿಸಿಟ್ಟುಕೊಳ್ಳಿ. ಎರಡು ವಾರದ ನಂತರ ಆ ಪಾತ್ರ ಮರಳಿದಾಗ ನೆನಪನ್ನು ನಂಬುವಂತಿಲ್ಲ.

ಗಂಡಸರು ಹೆಣ್ಣುಪಾತ್ರಕ್ಕೆ ಕೀಚಲು ದನಿ ತೆಗೆಯಬಾರದು. ಹೆಂಗಸರು ಸರದಾರರಿಗೆ ಗಂಟಲು ಒತ್ತಿ ಗಡಸು ಮಾಡಬಾರದು. ಚೆನ್ನಮ್ಮನ ಪಾತ್ರದಲ್ಲಂತೂ ಶಾಲೆಯ ಏಕಪಾತ್ರಾಭಿನಯದ ನೆನಪು ಎಲ್ಲರ ಗಂಟಲಿಗೂ ಬಂದು ಕೂರುತ್ತದೆ. ಮುಚ್ಚಿದ ಕೋಣೆಯಲ್ಲಿ ಸರದಾರ ಗುರುಸಿದ್ದಪ್ಪನ ಜೊತೆ ಮಾತಾಡುವಾಗ ರಾಣಿ ಕೂಗಬೇಕಾದ ಕಾರಣವೇ ಇಲ್ಲ. ಸಂಸ್ಥಾನದ ಆಗುಹೋಗು ಕಂಡವಳ ಮಾತು ಮೆಲ್ಲಗಿದ್ದರೂ ನಡೆಯುತ್ತದೆ. ಕೂಗು ಕೋಟೆಯ ಬಾಗಿಲು ತೆರೆಯುವ ಗಳಿಗೆಗೆ ಉಳಿಯಲಿ, ಅದೂ ಒಮ್ಮೆ.

ಇನ್ನು ಇಂಗ್ಲಿಷ್ ಅಧಿಕಾರಿಗಳು. ನಾಟಕದ ಕಲೆಕ್ಟರನ ತೊದಲು ಕನ್ನಡ ನಗೆ ತರಿಸುತ್ತದೆ. ಆದರೆ ಕಾದಂಬರಿಯ ಥ್ಯಾಕರೆ ತನ್ನ ಡೇರೆಯಲ್ಲಿ ತನ್ನವರ ಜೊತೆ ಮಾತಾಡುವುದು ಇಂಗ್ಲಿಷಿನಲ್ಲಿ, ಲೇಖಕರು ಅದನ್ನು ಕನ್ನಡದಲ್ಲಿ ಬರೆದಿದ್ದಾರೆ. ಅಲ್ಲಿ ಅವನು ನಿರರ್ಗಳವಾಗಿ, ತಡವರಿಸದೆ ಮಾತಾಡಬೇಕು. ಕಿತ್ತೂರಿನವರ ಮುಂದೆ ನಿಂತಾಗ ನಡುವೆ ದುಭಾಷಿ ಇರುತ್ತಾನೆ. ಅಲ್ಲಿ ಪ್ರತಿ ಮಾತಿನ ನಂತರ ಒಂದು ಚೂರು ತಡೆ ಕೊಡಿ, ಮಾತು ಇನ್ನೊಂದು ಬಾಯಿ ಹಾದು ಬರುವಷ್ಟು. ಆ ತಡೆಯಲ್ಲಿ ಎರಡೂ ಕಡೆಯ ಅಪನಂಬಿಕೆ ಕೇಳಿಸುತ್ತದೆ. ಆದಿಲಶಾಹಿ ದರ್ಬಾರಿನವರಿಗೂ ಇದೇ ನಿಯಮ. ತಮ್ಮ ತಮ್ಮಲ್ಲಿ ಮಾತಾಡುವಾಗ ಯಾರೂ ಪರಕೀಯರಲ್ಲ, ಆದ್ದರಿಂದ ಪರಕೀಯರ ದನಿ ಬೇಡ.

ಐದನೆಯ ಹೆಜ್ಜೆ: ಆ ದಿನದೊಳಗೆ ಓದುವುದು

ಈ ಕಲೆಯ ತಿರುಳು ಇಲ್ಲಿದೆ, ಮತ್ತು ಇದನ್ನು ಹೇಳಿಕೊಡುವುದೂ ಕಷ್ಟವೇ.

1565ರ ಜನವರಿಯಲ್ಲಿ ರಕ್ಕಸಗಿ ತಂಗಡಗಿ ಬಯಲಿನಲ್ಲಿ ಏನಾಯಿತೆಂದು ಕೇಳುಗರಿಗೆ ಗೊತ್ತು. ಯುದ್ಧದ ಹಿಂದಿನ ರಾತ್ರಿ ವಿಜಯನಗರದ ಪಾಳೆಯದಲ್ಲಿ ಇಬ್ಬರು ಸೈನಿಕರು ರೊಟ್ಟಿ ತಿನ್ನುತ್ತ, ಊರಿಗೆ ಹೋದ ಮೇಲೆ ಹೊಲಕ್ಕೆ ಬಾವಿ ತೋಡಿಸುವ ಮಾತಾಡುತ್ತಾರೆ ಎನ್ನೋಣ. ಅನುಭವವಿಲ್ಲದವರು ಈ ಪುಟವನ್ನು ಶೋಕದ ದನಿಯಲ್ಲಿ ಓದುತ್ತಾರೆ. ಆಗ ಆ ಇಬ್ಬರು ಸೈನಿಕರು ಯುದ್ಧಕ್ಕೆ ಮೊದಲೇ ಸತ್ತುಹೋದರು. ಬಾವಿಯ ಖರ್ಚಿನ ಲೆಕ್ಕವನ್ನು ಬಾವಿ ತೋಡಿಸುವವನ ಉಮೇದಿನಲ್ಲೇ ಓದಿ, ಅಳತೆಯ ಬಗ್ಗೆ ತಕರಾರಿದ್ದರೆ ಆ ತಕರಾರಿನಲ್ಲೇ ಓದಿ. ಮರುದಿನದ ಅರಿವು ಕೇಳುಗರಲ್ಲಿದೆ. ನೀವು ಸುಮ್ಮನಿದ್ದಷ್ಟೂ ಅದು ಅವರೊಳಗೆ ತಾನಾಗಿ ಕೆಲಸ ಮಾಡುತ್ತದೆ.

ಅಭ್ಯಾಸ ಹೀಗೆ ಮಾಡಿ. ಪ್ರತಿ ಅಧ್ಯಾಯದ ಅಂಚಿನಲ್ಲಿ ಒಂದೇ ಸಾಲು ಬರೆಯಿರಿ: ಈ ಹೊತ್ತಿನಲ್ಲಿ ಈ ಪಾತ್ರ ನಾಳೆ ಏನಾಗುತ್ತದೆಂದು ಎಣಿಸಿದೆ? ಅಕ್ಟೋಬರ್ 23ರ ಸಂಜೆ ಕಿತ್ತೂರು ಗೆದ್ದಿದೆ. ಇಂಗ್ಲಿಷ್ ಅಧಿಕಾರಿಗಳಾದ ಎಲಿಯಟ್, ಸ್ಟೀವನ್‌ಸನ್ ಇಬ್ಬರೂ ಕೈಸೆರೆ. ಇವರನ್ನು ಇಟ್ಟುಕೊಂಡು ಮಾತುಕತೆ ನಡೆಸಬಹುದು ಎಂಬ ಭರವಸೆ ಆ ಸಂಜೆ ನ್ಯಾಯವಾದದ್ದೇ. ಆ ಪುಟವನ್ನು ಗೆಲುವಿನ ದನಿಯಲ್ಲಿ ಓದಲು ಧೈರ್ಯ ಬೇಕು, ಏಕೆಂದರೆ ನಮ್ಮ ನಾಲಿಗೆಯಲ್ಲಿ ಡಿಸೆಂಬರ್ ಕುಳಿತಿರುತ್ತದೆ.

ಲೇಖಕರೇ ಮುಂದಿನದನ್ನು ಹೇಳಿಬಿಡುವ ಜಾಗಗಳೂ ಇರುತ್ತವೆ: "ಇದೇ ಅವರ ಕೊನೆಯ ಭೇಟಿ ಎಂದು ಇಬ್ಬರಿಗೂ ತಿಳಿದಿರಲಿಲ್ಲ" ಎಂಬಂಥವು. ನನಗೆ ಈ ಬಗೆಯ ವಾಕ್ಯಗಳ ಮೇಲೆ ಅಷ್ಟು ಪ್ರೀತಿಯಿಲ್ಲ, ಆದರೆ ಬರೆದದ್ದನ್ನು ಬಿಡುವಂತಿಲ್ಲ. ಒತ್ತದೆ, ನಿಲ್ಲದೆ, ಹವಾಮಾನ ಹೇಳಿದಷ್ಟು ಸಲೀಸಾಗಿ ಹೇಳಿ ಮುಂದೆ ಹೋಗಿ.

ಸ್ಥಳವೂ ದನಿಯಲ್ಲೇ ಬರಬೇಕು. ಗೋಳಗುಮ್ಮಟದೊಳಗಿನ ದೃಶ್ಯ ಬಂತೆಂದರೆ ಧ್ವನಿ ತಿದ್ದುವವರು ಕಂಪ್ಯೂಟರಿನಲ್ಲಿ ಪ್ರತಿಧ್ವನಿ ಸೇರಿಸಲು ಓಡುತ್ತಾರೆ. ಬೇಡ. ಅದರ ಬದಲು ಅಲ್ಲಿಗೊಮ್ಮೆ ಬೆಳಗ್ಗೆ ಬಾಗಿಲು ತೆರೆಯುತ್ತಲೇ ಹೋಗಿ, ಪ್ರವಾಸಿಗರ ಕೂಗಾಟ ಶುರುವಾಗುವ ಮೊದಲು ಮೇಲಿನ ಸುತ್ತುಪಡಸಾಲೆ ಹತ್ತಿ. ಸುಮಾರು 38 ಮೀಟರ್ ಒಳವ್ಯಾಸದ ಗುಮ್ಮಟ ಅದು. ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದರೆ ಎದುರು ಬದಿಗೆ ಕೇಳುತ್ತದೆ. ಅಲ್ಲಿ ಮನುಷ್ಯರು ಮಾತಾಡುವ ರೀತಿಯೇ ಬೇರೆಯಾಗುತ್ತದೆ. ತಮ್ಮ ಮಾತು ಮರಳಿ ಬಂದು ಅಡಗುವವರೆಗೆ ಕಾಯುತ್ತಾರೆ, ವಾಕ್ಯಗಳು ಚಿಕ್ಕವಾಗುತ್ತವೆ, ದನಿ ತಗ್ಗುತ್ತದೆ. ಓದುವಾಗ ಆ ಕಾಯುವಿಕೆಯನ್ನು ತನ್ನಿ, ಗುಮ್ಮಟ ತಾನಾಗಿ ಎದ್ದು ನಿಲ್ಲುತ್ತದೆ. ತೋಪಿನ ದೃಶ್ಯಕ್ಕೂ ಇಂಥದೇ ಯುಕ್ತಿ. ಶೇರ್ಜಾ ಬುರುಜಿನ ಮೇಲಿನ ಮಲಿಕ್-ಎ-ಮೈದಾನ್ 1549ರಲ್ಲಿ ಎರಕ ಹೊಯ್ದ ಸುಮಾರು 55 ಟನ್ನಿನ ತೋಪು. ಬತ್ತಿ ಹಚ್ಚಿದವನು ಕಿವಿ ಉಳಿಸಿಕೊಳ್ಳಲು ಪಕ್ಕದ ನೀರಿನ ತೊಟ್ಟಿಗೆ ಧುಮುಕುತ್ತಿದ್ದ ಎಂದು ಊರಿನವರು ಹೇಳುತ್ತಾರೆ. ನಿಮ್ಮ ಗಂಟಲಿನಿಂದ ಆ ಸದ್ದು ಬರುವುದು ಸಾಧ್ಯವಿಲ್ಲ. ಸಿಡಿದ ನಂತರದ ವಾಕ್ಯವನ್ನು ಕಿವಿ ಮಂದವಾದವರಂತೆ ನಿಧಾನವಾಗಿ ಓದಿದರೆ ಸಾಕು.

ಹಿನ್ನೆಲೆಯಲ್ಲಿ ಕತ್ತಿ ಖಣಿಲು, ಕುದುರೆ ಗೊರಸು, ಶಹನಾಯಿ? ಅಧ್ಯಾಯದ ಮೊದಲಿಗೆ ಹತ್ತು ಸೆಕೆಂಡ್ ಸಂಗೀತಕ್ಕೆ ನನ್ನ ತಕರಾರಿಲ್ಲ. ಮಾತಿನ ಅಡಿಯಲ್ಲಿ ಬೇಡ.

ಆರನೆಯ ಹೆಜ್ಜೆ: ಕೋಣೆ, ಮೈಕು, ಮೈ

ದುಡ್ಡು ಕಡಿಮೆಯಿದ್ದರೆ ಮೈಕಿಗಿಂತ ಮೊದಲು ಕೋಣೆಯನ್ನು ಸರಿಪಡಿಸಿ. ಚಿಕ್ಕ ಕೋಣೆ, ಬಟ್ಟೆ ತುಂಬಿದ ಕಪಾಟು, ಗೋಡೆಗೆ ದಪ್ಪ ಕೌದಿಗಳು. ಮನೆಯಲ್ಲಿರುವ ಕೌದಿಗಳನ್ನೆಲ್ಲ ಹೊರತೆಗೆಯಿರಿ, ಓದುವವರ ಎದುರಿಗೂ ಬೆನ್ನ ಹಿಂದೂ ತೂಗುಹಾಕಿ. ಚಪ್ಪಾಳೆ ತಟ್ಟಿದರೆ ಸದ್ದು ಅಲ್ಲೇ ಸತ್ತಿತೆಂದರೆ ಕೋಣೆ ಸಿದ್ಧ. ಕಲ್ಲುಕಟ್ಟಡದ ಹಳೆಯ ಮನೆಗಳಲ್ಲಿ ಇದಕ್ಕೆ ಹೆಚ್ಚು ಶ್ರಮ ಬೇಕು. ಫ್ಯಾನು, ಫ್ರಿಜ್ ಬಂದ್ ಆಗಬೇಕು, ಮೊಬೈಲ್ ಪಕ್ಕದ ಕೋಣೆಗೆ ಹೋಗಬೇಕು.

ಫ್ಯಾನ್ ಬಂದ್ ಮಾಡಿ ಎಂದು ಬರೆಯುವುದು ಸುಲಭ, ಏಪ್ರಿಲ್‌ನಲ್ಲಿ 40 ಡಿಗ್ರಿ ಬಿಸಿಲಿನ ವಿಜಯಪುರದಲ್ಲಿ ಕೌದಿಗಳ ನಡುವೆ ಕೂರುವುದು ಸುಲಭವಲ್ಲ. ಬೇಸಿಗೆಯಲ್ಲಿ ಬೆಳಗಿನ ಜಾವವೇ ಗತಿ: ಬೆಳಗಿನ ಅಜಾನ್, ಗುಡಿಯ ಸುಪ್ರಭಾತ ಮುಗಿದ ಮೇಲೆ, ಶಾಲೆಯ ವ್ಯಾನುಗಳು ಹೊರಡುವ ಮೊದಲು ಸಿಗುವ ಸಂದು. ರಬಕವಿ ಬನಹಟ್ಟಿಯ ಮಗ್ಗದ ಓಣಿಗಳಲ್ಲಿ ವಾಸವಿರುವವರು ಮಗ್ಗ ನಿಲ್ಲುವ ಹೊತ್ತು ನೋಡಿಕೊಳ್ಳಬೇಕು. ದಿನವೂ ಒಂದೇ ವೇಳೆಯಲ್ಲಿ ಕುಳಿತರೆ ಇನ್ನೊಂದು ಲಾಭ: ಬೆಳಗಿನ ಗಂಟಲಿಗೂ ಸಂಜೆಯ ಗಂಟಲಿಗೂ ವ್ಯತ್ಯಾಸವಿದೆ, ತಿದ್ದುಪಡಿಯ ಸಾಲು ಹಳೆಯದರ ಜೊತೆ ಹೊಂದಿಕೊಳ್ಳುತ್ತದೆ.

ಸುತ್ತ ಸದ್ದಿರುವ ಮನೆಗೆ ಡೈನಾಮಿಕ್ ಮೈಕು ಒಳ್ಳೆಯದು. ಕಂಡೆನ್ಸರ್ ಮೈಕು ಎದುರು ಮನೆಯ ಕುಕ್ಕರನ್ನೂ ಹಿಡಿಯುತ್ತದೆ. ಬಾಯಿಂದ ಒಂದು ಗೇಣು ದೂರ, ನೇರ ಎದುರಿಗಿಡದೆ ಸ್ವಲ್ಪ ಓರೆಯಾಗಿ, ನಡುವೆ ಪಾಪ್ ಫಿಲ್ಟರ್. ಪ, ಫ, ಭ ಬಂದಾಗ ಗಾಳಿಯ ಬಡಿತ ಹೀಗೆ ತಪ್ಪುತ್ತದೆ. ಒಂದೇ ಚಾನೆಲ್, 44.1 ಕಿಲೋಹರ್ಟ್ಸ್. ಮುದ್ರಿಸಲು ಅಡಾಸಿಟಿಯಂಥ ಉಚಿತ ತಂತ್ರಾಂಶ ಸಾಕು. ಗಟ್ಟಿಯಾದ ಮಾತೂ ಮೈನಸ್ 6 ಡೆಸಿಬೆಲ್ ಆಸುಪಾಸಿನಲ್ಲಿ ನಿಲ್ಲುವಂತೆ ಮಟ್ಟ ಹೊಂದಿಸಿ. ಶುರುವಿನಲ್ಲಿ ಅರ್ಧ ನಿಮಿಷ ಸುಮ್ಮನೆ ಕುಳಿತು ಕೋಣೆಯ ಮೌನವನ್ನೂ ಮುದ್ರಿಸಿಕೊಳ್ಳಿ. ವಾಕ್ಯಗಳ ನಡುವಿನ ತೇಪೆಗೆ ಅದೇ ಬಟ್ಟೆ.

ಹಸಿದು ಕೂರಬೇಡಿ, ಹೊಟ್ಟೆಯ ಗುರುಗುರು ಮೈಕಿಗೆ ಚೆನ್ನಾಗಿ ಕೇಳುತ್ತದೆ. ಮೊಸರು, ಹಾಲು ಗಂಟಲಿಗೆ ಅಂಟುತ್ತವೆ, ಶೇಂಗಾ ಚಟ್ನಿಯ ಪುಡಿ ಕೆಮ್ಮು ತರುತ್ತದೆ. ಅವೆಲ್ಲ ಕೆಲಸ ಮುಗಿದ ಮೇಲೆ. ಉಗುರುಬೆಚ್ಚಗಿನ ನೀರು ಪಕ್ಕದಲ್ಲಿರಲಿ. ನಾಲಿಗೆ ಒಣಗಿ ಚಟಚಟ ಸದ್ದು ಬರತೊಡಗಿದರೆ ಹುಳಿ ಸೇಬಿನ ಒಂದು ತುಂಡು ಕೆಲಸ ಮಾಡುತ್ತದೆ. ಒಂದು ಕೂರಿಕೆಗೆ ಮುಕ್ಕಾಲು ಗಂಟೆ, ನಂತರ ಎದ್ದು ಓಡಾಡಿ. ದಣಿದ ದನಿ ಯುದ್ಧದ ದೃಶ್ಯಕ್ಕಿಂತ ಸಾದಾ ಸಂಭಾಷಣೆಯಲ್ಲಿ ಬೇಗ ಸಿಕ್ಕಿಬೀಳುತ್ತದೆ.

ತಪ್ಪಿದರೆ ಪದದಿಂದ ತಿದ್ದಬೇಡಿ, ವಾಕ್ಯದ ಮೊದಲಿಗೆ ಹೋಗಿ.

ಏಳನೆಯ ಹೆಜ್ಜೆ: ತಿದ್ದುವುದು, ಒಪ್ಪಿಸುವುದು

ಮುದ್ರಿಸಿದ್ದನ್ನು ನೀವೇ ಕೇಳಿ ಒಪ್ಪಬೇಡಿ. ನಿಮ್ಮ ಕಿವಿ ಬರೆದದ್ದನ್ನು ಕೇಳುತ್ತದೆ, ಓದಿದ್ದನ್ನಲ್ಲ. ಪುಸ್ತಕ ಕೈಯಲ್ಲಿ ಹಿಡಿದು ಒಬ್ಬರು ಪೂರ್ತಿ ಕೇಳಬೇಕು, ಬಿಟ್ಟ ಪದ, ಬದಲಾದ ಪ್ರತ್ಯಯ, ತಪ್ಪಿದ ಮಹಾಪ್ರಾಣಗಳನ್ನು ನಿಮಿಷ ಸೆಕೆಂಡ್ ಸಮೇತ ಬರೆಯಬೇಕು. ಪುಸ್ತಕವಿಲ್ಲದೆ, ಅಡುಗೆ ಮಾಡುತ್ತಲೋ ಹೊಲದ ದಾರಿಯಲ್ಲೋ ಕೇಳುವ ಇನ್ನೊಬ್ಬರಿಗೂ ಮೊದಲ ಎರಡು ಅಧ್ಯಾಯ ಕೊಡಿ. "ಈಗ ಯಾರು ಮಾತಾಡಿದ್ದು?" ಎಂದು ಅವರು ಎಲ್ಲಿ ಕೇಳಿದರೋ ಅಲ್ಲಿ ಪಾತ್ರದ ದನಿ ಸಾಲದಾಗಿದೆ. "ಮುಂದೆ ಏನಾಗುತ್ತದೆಂದು ನಿನ್ನ ದನಿಯಲ್ಲೇ ತಿಳಿಯಿತು" ಎಂದರೆ ಆ ಪುಟವನ್ನು ಮತ್ತೆ ಓದಬೇಕು.

ಗದ್ದಲ ಕಳೆಯುವ ಸಾಧನವನ್ನು ಹಗುರವಾಗಿ ಬಳಸಿ, ಅತಿಯಾದರೆ ದನಿ ನೀರಿನೊಳಗಿಂದ ಬಂದಂತಾಗುತ್ತದೆ. ಉಸಿರುಗಳನ್ನೆಲ್ಲ ಕತ್ತರಿಸಿ ಹಾಕುವವರಿದ್ದಾರೆ. ಓಡಿಬಂದ ದೂತನ ಮಾತಿನಿಂದ ಉಸಿರು ತೆಗೆದರೆ ಅವನು ಓಡಿಯೇ ಇಲ್ಲ. ಧ್ವನಿಪುಸ್ತಕ ಮಾರುವ ದೊಡ್ಡ ವೇದಿಕೆಯೊಂದರ ಅಳತೆ ಹೀಗಿದೆ: ಸರಾಸರಿ ಮಟ್ಟ ಮೈನಸ್ 23ರಿಂದ ಮೈನಸ್ 18 ಡೆಸಿಬೆಲ್ ಒಳಗೆ, ಗರಿಷ್ಠ ಮೈನಸ್ 3, ಮೌನದ ಜಾಗದ ಸದ್ದು ಮೈನಸ್ 60ಕ್ಕಿಂತ ಕೆಳಗೆ. ಬೇರೆ ಕಡೆ ಕೊಡುವಾಗಲೂ ಇದನ್ನು ಪಾಲಿಸಿದರೆ ನಷ್ಟವಿಲ್ಲ. ಅಧ್ಯಾಯಕ್ಕೊಂದು ಕಡತ ಮಾಡಿ, ಹೆಸರಿನ ಮೊದಲಿಗೆ 01, 02 ಎಂದು ಎರಡಂಕಿ ಹಾಕಿ. ತಿದ್ದುವ ಮೊದಲಿನ ಮೂಲ ಮುದ್ರಣವನ್ನು ಬೇರೆ ಡಿಸ್ಕಿನಲ್ಲಿ ಇಡಿ. ಹೆಸರುಗಳ ಉಚ್ಚಾರದ ಆ ನೋಟ್‌ಬುಕ್ಕನ್ನೂ ಎಸೆಯಬೇಡಿ, ಅದೇ ಕಾಲದ ಇನ್ನೊಂದು ಕಾದಂಬರಿ ಕೈಗೆ ಬಂದಾಗ ಅರ್ಧ ಕೆಲಸ ಆಗಲೇ ಮುಗಿದಿರುತ್ತದೆ.